ಪಿಕಪ್ ಗಾಡಿಗಳ ಪೈಪೋಟಿ ಮತ್ತು ಹಾಲು ಉತ್ಪಾದಕರು



ಜಂತುನಾಶಕ ಹಾಕಲೆಂದೋ, ಗರ್ಭ ತಪಾಸಣೆಗೆಂದೋ ಸಂಘಗಳಿಗೆ ಬಂದಾಗ ನನಗೆ ಕೇಳಿಬರುತ್ತಿದ್ದ ಪ್ರಶ್ನೆಗಳು ಆಕಳು ಬೆದೆಗೆ ಯಾಕೆ ಬರುತ್ತಿಲ್ಲ, ಕೆಚ್ಚಲು ಯಾಕೆ ಬಾತಿದೆ ಎಂಬಂಥವು. ಈಗ ಅವುಗಳ ಜೊತೆಗೆ ಇನ್ನೊಂದು ಸೇರಿದೆ. "ಸಾಹೇಬ್ರ, ಟಾಟಾ ತಗೊಳ್ಳೂದು ಛಲೋನೋ, ಮಹೀಂದ್ರಾ ತಗೊಳ್ಳೂದು ಛಲೋನೋ?" ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಯಾವ ಕಡೆ ಹೋದರೂ ಹಾಲು ಅಳೆಯುವ ಸರದಿಯಲ್ಲಿ ಈ ಚರ್ಚೆ ನಡೆದೇ ಇರುತ್ತದೆ. ಒಬ್ಬರು ಟಾಟಾ ಪಕ್ಷ, ಒಬ್ಬರು ಮಹೀಂದ್ರಾ ಪಕ್ಷ, ನಡುವೆ ಅಶೋಕ್ ಲೇಲ್ಯಾಂಡ್ ದೋಸ್ತ್ ಪಕ್ಷದವರೂ ಉಂಟು. ಗ್ರಾಮ ಪಂಚಾಯತಿ ಚುನಾವಣೆಯಲ್ಲಿಯೂ ಇಷ್ಟು ಬಿಸಿ ಕಾಣುವುದಿಲ್ಲ.

ನಾನು ಪಶುವೈದ್ಯ, ಮೋಟಾರು ಮೇಸ್ತ್ರಿ ಅಲ್ಲ. ಆದರೂ ಈ ವಿಷಯವನ್ನು ಬರೆಯಲು ಕಾರಣವಿದೆ. ಶಿರಹಟ್ಟಿ ಕಡೆಯ ಒಬ್ಬ ಸದಸ್ಯರು ಐದು ಮಿಶ್ರತಳಿ ಆಕಳು ಕಟ್ಟಿದ್ದರು. ಮೇವು ತರಲು ಬಾಡಿಗೆ ಗಾಡಿಗೆ ಹಣ ಸುರಿಯುವುದು ಬೇಡವೆಂದು ಸ್ವಂತ ಪಿಕಪ್ ಕೊಳ್ಳಲು ಮನಸ್ಸು ಮಾಡಿದರು. ಮುಂಗಡ ಹಣಕ್ಕಾಗಿ, ಹಾಲು ಕೊಡುತ್ತಿದ್ದ ಎರಡು ಆಕಳುಗಳನ್ನು ಮಾರಿದರು. ಎಂಟು ತಿಂಗಳ ಮೇಲೆ ಕಂತು ತಪ್ಪಿದಾಗ ಮೂರನೆಯದನ್ನೂ ಮಾರಿದರು. ಆಕಳುಗಳಿಗೆ ಮೇವು ತರಲೆಂದು ಬಂದ ಗಾಡಿ ಹೀಗೆ ಮೂರು ಆಕಳುಗಳನ್ನು ತಿಂದಿತು. ಗಾಡಿ ಕೆಟ್ಟದ್ದಾಗಿರಲಿಲ್ಲ, ಯಾವ ಕಂಪನಿಯದಾಗಿದ್ದರೂ ಇದೇ ಆಗುತ್ತಿತ್ತು. ಕಂಪನಿ ಯಾವುದು ಎಂಬ ಪ್ರಶ್ನೆಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಕಂಪನಿಗಳ ಪೈಪೋಟಿಯ ಗದ್ದಲದಲ್ಲಿ ಅವು ಕೇಳಿಸದೆ ಹೋಗುತ್ತವೆ.

ಪೈಪೋಟಿ ಶುರುವಾದ ಬಗೆ

ಸಣ್ಣ ಸರಕು ಗಾಡಿಗಳ ಪೈಪೋಟಿ ಹೊಸದೇನಲ್ಲ. 1980ರ ದಶಕದ ಮಧ್ಯದಲ್ಲಿ ಜಪಾನಿನ ಕಂಪನಿಗಳ ಸಹಯೋಗದಲ್ಲಿ ನಾಲ್ಕು ಗಾಡಿಗಳು ಒಟ್ಟಿಗೇ ನಮ್ಮ ದೇಶದ ಮಾರುಕಟ್ಟೆಗೆ ಇಳಿದವು: ಡಿಸಿಎಂ ಟೊಯೋಟಾ, ಆಲ್ವಿನ್ ನಿಸಾನ್, ಸ್ವರಾಜ್ ಮಜ್ದಾ ಮತ್ತು ಐಷರ್ ಮಿತ್ಸುಬಿಷಿ. ಇವಕ್ಕೆ ಎದುರಾಗಿ ಟಾಟಾದವರು 1986ರಲ್ಲಿ 407 ಗಾಡಿಯನ್ನು ತಂದರು. ಜಪಾನಿನ ಗಾಡಿಗಳು ನಯವಾಗಿದ್ದವು. ಆದರೆ 407 ನಮ್ಮ ರಸ್ತೆಗೂ, ನಮ್ಮ ಹೇರಿಗೂ, ಹಳ್ಳಿಯ ಗ್ಯಾರೇಜಿನ ಸುತ್ತಿಗೆಗೂ ಹೊಂದಿಕೊಂಡಿತು. ಪೈಪೋಟಿಯಲ್ಲಿ ಗೆದ್ದದ್ದು ಅದೇ. ಆಲ್ವಿನ್ ನಿಸಾನಿನ ಕಾರ್ಖಾನೆ ಇದ್ದದ್ದು ಬೀದರಿಗೆ ಸಮೀಪದ ಜಹೀರಾಬಾದಿನಲ್ಲಿ. ಅದು ಮುಂದೆ ಮಹೀಂದ್ರದ ಪಾಲಾಯಿತು. 2015ರಲ್ಲಿ ಬಂದ ಮಹೀಂದ್ರಾ ಜೀತೊ ಗಾಡಿ ತಯಾರಾದದ್ದು ಅದೇ ಜಹೀರಾಬಾದಿನಲ್ಲಿ.

ಪಿಕಪ್ಪಿನ ವಿಷಯಕ್ಕೆ ಬಂದರೆ, ಟಾಟಾದವರು 1988ರಲ್ಲಿ ಟಾಟಾಮೊಬೈಲ್ ತಂದು, ಅದರ ಮೇಲೆ 207 ಗಾಡಿಯನ್ನು ಬೆಳೆಸಿದರು. ಮಹೀಂದ್ರಾದವರು ಜೀಪಿನ ಬುನಾದಿಯ ಮೇಲೆಯೇ ಪಿಕಪ್ ಕಟ್ಟುತ್ತ ಬಂದು, ಬೊಲೆರೊ ಹೆಸರು ಜನಪ್ರಿಯವಾದ ಮೇಲೆ ಪಿಕಪ್ಪಿಗೂ ಆ ಹೆಸರನ್ನೇ ಇಟ್ಟರು. ಆದರೂ ಆ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಹೇರು ಸಾಗಿಸುತ್ತಿದ್ದುದು ಎತ್ತಿನ ಚಕ್ಕಡಿ, ಟ್ರ್ಯಾಕ್ಟರ್ ಟ್ರೇಲರ್, ಮತ್ತು ಮೂರು ಗಾಲಿಯ ಟಂಟಂ.

ನಾನು ಪದವಿ ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, 2005ರ ಮೇ ತಿಂಗಳಲ್ಲಿ ಟಾಟಾ ಏಸ್ ಬಂತು. ಸುಮಾರು 700 ಸಿ.ಸಿ.ಯ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್, 16 ಅಶ್ವಶಕ್ತಿ, ಹೊರುವ ತೂಕ 750 ಕಿಲೊ, ಬೆಲೆ ಎರಡೂಕಾಲು ಲಕ್ಷದ ಆಸುಪಾಸು. ಅದು ಗುರಿಯಿಟ್ಟದ್ದು ಲಾರಿಗಳಿಗಲ್ಲ, ಬಾರಾಮತಿಯಲ್ಲಿ ತಯಾರಾಗುತ್ತಿದ್ದ ಪಿಯಾಜಿಯೊ ಅಪೆಯಂಥ ಮೂರು ಗಾಲಿಯ ಗಾಡಿಗಳಿಗೆ. ಗಾಡಿ ರೂಪಿಸುವ ಮೊದಲು ಕಂಪನಿಯವರು ಊರೂರು ತಿರುಗಿ ಟಂಟಂ ಚಾಲಕರನ್ನು ಮಾತಾಡಿಸಿದ್ದರಂತೆ. ನಾಲ್ಕು ಗಾಲಿಯ ಗಾಡಿ ಇದ್ದರೆ ಒಳ್ಳೆಯ ಸಂಬಂಧ ಕೂಡಿಬರುತ್ತದೆ ಎಂದು ಒಬ್ಬ ಹುಡುಗ ಹೇಳಿದ ಮಾತು ಅವರ ಕಣ್ಣು ತೆರೆಸಿತೆಂದು ಪ್ರಸಿದ್ಧಿಯಿದೆ. ನಮ್ಮ ಕಡೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕನ್ಯೆ ಕೊಡುವವರು ಅಂಗಳದಲ್ಲಿ ಏನು ನಿಂತಿದೆ ಎಂದು ಮೊದಲು ನೋಡುತ್ತಾರೆ.

ಅದೇ ವರ್ಷದ ನವೆಂಬರಿನಲ್ಲಿ ಲಾರಿಗಳಲ್ಲಿ ಮಿತಿ ಮೀರಿ ಹೇರುವುದಕ್ಕೆ ಸುಪ್ರೀಂ ಕೋರ್ಟ್ ತಡೆ ಹಾಕಿತು. ದೊಡ್ಡ ಲಾರಿ ಹೆದ್ದಾರಿಯವರೆಗೆ, ಅಲ್ಲಿಂದ ಮುಂದೆ ಸಣ್ಣ ಗಾಡಿ ಎಂಬ ಏರ್ಪಾಡು ಬೆಳೆಯಿತು. ಏಸ್ 2012ರ ಹೊತ್ತಿಗೆ 10 ಲಕ್ಷ, 2017ರ ಹೊತ್ತಿಗೆ 20 ಲಕ್ಷ ಮಾರಾಟವಾಯಿತು. ನಮ್ಮ ನೆರೆಯ ಧಾರವಾಡದಲ್ಲಿ 2012ರಲ್ಲಿ ಈ ಸಣ್ಣ ಗಾಡಿಗಳಿಗಾಗಿಯೇ ಕಾರ್ಖಾನೆ ಬಂದದ್ದರಿಂದ, "ನಮ್ಮ ಧಾರವಾಡದ ಗಾಡಿ" ಎಂಬ ಮಾತೂ ಮಾರಾಟಗಾರರ ಬಾಯಲ್ಲಿ ಸೇರಿತು.

ಒಬ್ಬನೇ ಉಣ್ಣುವ ಪಂಕ್ತಿಗೆ ಉಳಿದವರು ಬರದೆ ಇರುತ್ತಾರೆಯೇ? 2010ರಲ್ಲಿ ಮಹೀಂದ್ರಾ ಮ್ಯಾಕ್ಸಿಮೊ ಬಂತು. 2011ರಲ್ಲಿ ಅಶೋಕ್ ಲೇಲ್ಯಾಂಡಿನವರು ನಿಸಾನ್ ಜೊತೆಗೂಡಿ ಹೊಸೂರಿನಿಂದ ದೋಸ್ತ್ ತಂದರು. ಅದು ಹೊರುವುದು ಒಂದೂಕಾಲು ಟನ್, ಅಂದರೆ ಏಸಿಗಿಂತ ದೊಡ್ಡದು, ಬೊಲೆರೊ ಪಿಕಪ್ಪಿನ ಪಕ್ಕದ್ದು. 2015ರಲ್ಲಿ ಜೀತೊ, 2016ರಲ್ಲಿ ಮಾರುತಿಯ ಸೂಪರ್ ಕ್ಯಾರಿ, 2017ರಲ್ಲಿ ಟಾಟಾ ಯೋಧ, 2019ರಲ್ಲಿ ಟಾಟಾ ಇಂಟ್ರಾ, 2020ರಲ್ಲಿ ಬಡಾ ದೋಸ್ತ್, 2024ರಲ್ಲಿ ಮಹೀಂದ್ರಾ ವೀರೊ, 2025ರಲ್ಲಿ ಅಶೋಕ್ ಲೇಲ್ಯಾಂಡ್ ಸಾಥಿ ಮತ್ತು ಟಾಟಾ ಏಸ್ ಪ್ರೊ. ಒಬ್ಬರು 750 ಕಿಲೊ ಎಂದರೆ ಇನ್ನೊಬ್ಬರು 850, ಒಬ್ಬರು 1300 ಎಂದರೆ ಮತ್ತೊಬ್ಬರು 1500, ಹೀಗೆ ನೂರಿನ್ನೂರು ಕಿಲೊದ ಸಂದಿಯಲ್ಲಿ ಒಂದೊಂದು ಹೆಸರು ನುಗ್ಗಿತು.

ಇಷ್ಟರಲ್ಲಿ ಗೆದ್ದವರು ಯಾರು? ಅತಿ ಸಣ್ಣ ಗಾಡಿಗಳಲ್ಲಿ ಏಸ್ ಹೆಸರು ಈಗಲೂ ದೊಡ್ಡದು. ಆದರೆ ಕೊಳ್ಳುವವರು ಕ್ರಮೇಣ ಸಣ್ಣ ಗಾಡಿಯಿಂದ ಪಿಕಪ್ಪಿನ ಕಡೆಗೆ ಸರಿದರು, ಪಿಕಪ್ಪಿನಲ್ಲಿ ಬೊಲೆರೊ ಮುಂದಿತ್ತು. ಒಟ್ಟು ತೂಕ ಮೂರೂವರೆ ಟನ್ನಿನ ಒಳಗಿರುವ ಸರಕು ಗಾಡಿಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಸುಮಾರು ಅರ್ಧದಷ್ಟು ಮಹೀಂದ್ರದವೇ ಮಾರಾಟವಾಗಿವೆ. ಅಮೆರಿಕದಲ್ಲಿ ಫೋರ್ಡ್ ಕಂಪನಿಯ ಎಫ್ ಸರಣಿಯ ಪಿಕಪ್ 1977ರಿಂದ ಮಾರಾಟದಲ್ಲಿ ಮುಂದಿದೆ, ಷೆವರ್ಲೆಯವರು ಅದರ ಬೆನ್ನು ಬಿಟ್ಟಿಲ್ಲ. ಅಲ್ಲಿಯೂ ಜಗಳ ಯಾರ ಗಾಡಿ ಹೆಚ್ಚು ಹೊರುತ್ತದೆ ಎಂಬುದರ ಮೇಲೆಯೇ. ಅಲ್ಲಿ ಅನೇಕರು ಖಾಲಿ ಪಿಕಪ್ಪಿನಲ್ಲಿ ಒಬ್ಬರೇ ಕೂತು ಕಚೇರಿಗೆ ಹೋಗುತ್ತಾರಂತೆ. ನಮ್ಮಲ್ಲಿ ಖಾಲಿ ಪಿಕಪ್ ಕಂಡರೆ ಕೈ ಅಡ್ಡ ಹಾಕುವವರೇ ಹೆಚ್ಚು.

ಪೈಪೋಟಿಯಿಂದ ನಮಗೆ ಲಾಭವಾಗಿಲ್ಲವೆಂದು ನಾನು ಹೇಳುವುದಿಲ್ಲ. 2005ರಲ್ಲಿ ಎರಡೂಕಾಲು ಲಕ್ಷಕ್ಕೆ ಬಂದ ಏಸಿನ ವಂಶದ ಹೊಸ ಗಾಡಿ 2025ರ ಜೂನಿನಲ್ಲಿ ಬಂದಾಗ ಆರಂಭದ ಬೆಲೆ 3.99 ಲಕ್ಷ. ಇಪ್ಪತ್ತು ವರ್ಷದಲ್ಲಿ ಬೆಲೆ ದುಪ್ಪಟ್ಟೂ ಆಗಲಿಲ್ಲ. ಹಿಂಡಿಯ ಬೆಲೆಯನ್ನು ಇದರ ಪಕ್ಕಕ್ಕೆ ಇಟ್ಟು ನೋಡಿರಿ.

ಪೈಪೋಟಿಯ ಇನ್ನೊಂದು ಮುಖವನ್ನೂ ನೆನಪಿಡಬೇಕು. ಗಾಡಿ ಸಾಗಹಾಕುವ ಆತುರದಲ್ಲಿ ಸಾಲ ಸಲೀಸಾಗಿ ಸಿಕ್ಕಿತು. ಅದುವರೆಗೆ ಗಾಡಿಯನ್ನೇ ಇಟ್ಟವರಲ್ಲದವರು ಅಲ್ಪ ಮುಂಗಡಕ್ಕೆ ಗಾಡಿ ಒಯ್ದರು. ಒಂದು ಗಾಡಿಗೆ ಇದ್ದ ಬಾಡಿಗೆ ನಾಲ್ಕು ಗಾಡಿಗೆ ಹಂಚಿಹೋಯಿತು. 2013ರ ನಂತರ ಎರಡು-ಮೂರು ವರ್ಷ ದೇಶದಲ್ಲಿ ಸಣ್ಣ ಸರಕು ಗಾಡಿಗಳ ಮಾರಾಟ ಕುಸಿಯಿತು, ಅನೇಕರು ಕಂತು ಕಟ್ಟಲಾಗದೆ ಗಾಡಿ ಕಳೆದುಕೊಂಡರು. ಸಾಲ ಕೊಡುವವರು ಆಗ ಕೈ ಬಿಗಿ ಮಾಡಿದರು.

ಹೊರುವ ತೂಕವೂ ಆಕಳಿನ ತೂಕವೂ

ಇನ್ನು ನನ್ನ ಕಸುಬಿಗೆ ಸಂಬಂಧಿಸಿದ ಮಾತು. ಗಾಡಿ ಎಷ್ಟು ಹೊರುತ್ತದೆ ಎಂಬುದನ್ನು ಕರಪತ್ರದಲ್ಲಿ ನೋಡದೆ ನೋಂದಣಿ ಪತ್ರದಲ್ಲಿ ನೋಡಬೇಕು. ಅದರಲ್ಲಿ ಒಟ್ಟು ತೂಕ ಮತ್ತು ಖಾಲಿ ತೂಕ ಎಂದು ಎರಡು ಅಂಕಿಗಳಿರುತ್ತವೆ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಉಳಿಯುವುದೇ ಹೇರು. ಗಾಡಿ ತಂದ ಮೇಲೆ ಮೇವಿಗಾಗಿ ಎತ್ತರದ ಕಬ್ಬಿಣದ ಜಾಲರಿ ಕಟ್ಟಿಸಿದರೆ ಅದರ ತೂಕವನ್ನೂ ಈ ಹೇರಿನಿಂದಲೇ ಕಳೆಯಬೇಕು. ಹೆಸರಿನಲ್ಲಿರುವ ಅಂಕಿಯನ್ನೂ ನಂಬಬಾರದು. ಇಂಟ್ರಾ ವಿ30 ಹೊರುವುದು ಮೂರು ಟನ್ನಲ್ಲ, 1300 ಕಿಲೊ. ವಿ50 ಹೊರುವುದು 1500 ಕಿಲೊ.

ನಮ್ಮ ಮಿಶ್ರತಳಿ ಎಚ್.ಎಫ್. ಆಕಳೊಂದು 400ರಿಂದ 500 ಕಿಲೊ ತೂಗುತ್ತದೆ. ಒಳ್ಳೆಯ ಮುರ್ರಾ ಎಮ್ಮೆ 500 ದಾಟುತ್ತದೆ. 750 ಕಿಲೊದ ಗಾಡಿಯಲ್ಲಿ ಎರಡು ಆಕಳು ಹತ್ತಿಸಿದಿರೋ, 50ರಿಂದ 250 ಕಿಲೊ ಹೆಚ್ಚಾಯಿತು. ಅದರ ಮೇಲೆ ಚಾಲಕ, ಆಕಳ ಮಾಲೀಕ, ಮಾಲೀಕನ ಭಾವಮೈದುನ. ಇನ್ನು ಜಾಗದ ಲೆಕ್ಕ. ಏಸಿನ ಹಿಂಬದಿ ಸುಮಾರು ಏಳೂಕಾಲು ಅಡಿ ಉದ್ದ, ಐದಡಿಗೆ ಸ್ವಲ್ಪ ಕಡಿಮೆ ಅಗಲ, ಅಂದರೆ ಮೂರೂಕಾಲು ಚದರ ಮೀಟರ್. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2016ರ ಆರಂಭದಿಂದ ಸೇರಿರುವ ನಿಯಮದಂತೆ ಒಂದು ಆಕಳಿಗೆ ಅಥವಾ ಎಮ್ಮೆಗೆ 2 ಚದರ ಮೀಟರ್ ಜಾಗ ಬೇಕು, ಕುರಿ-ಆಡಿಗೆ 0.3 ಚದರ ಮೀಟರ್. ಅಡ್ಡಗೋಡೆ ಹಾಕಿ ಒಂದೊಂದು ಪ್ರಾಣಿಯನ್ನು ಬೇರೆ ಮಾಡಬೇಕು. ಆ ಲೆಕ್ಕದಲ್ಲಿ ಏಸಿನಂಥ ಗಾಡಿಯಲ್ಲಿ ಒಂದೇ ಆಕಳು. ಒಂಬತ್ತಡಿ ಉದ್ದ, ಐದೂವರೆ ಅಡಿ ಅಗಲದ ಪಿಕಪ್ಪಿನಲ್ಲಿ ಎರಡು. ಯಾವ ಕಂಪನಿಯ ಪಿಕಪ್ಪಿನಲ್ಲಿಯೂ ನಾಲ್ಕು ಆಕಳಿಗೆ ಜಾಗವಿಲ್ಲ, ಎಷ್ಟೇ ಟನ್ ಹೊತ್ತರೂ.

"ಆರು ದನ ಒಯ್ಯಬಹುದು ಅಂತ ಕಾನೂನೈತ್ರಿ" ಎಂದು ವಾದಿಸುವ ಚಾಲಕರನ್ನು ನಾನು ಕಂಡಿದ್ದೇನೆ. ಆರರ ಮಾತು ಇರುವುದು 1978ರ ಪ್ರಾಣಿ ಸಾಗಣೆ ನಿಯಮಗಳಲ್ಲಿ. ಒಂದು ಸರಕು ಗಾಡಿಯಲ್ಲಿ ಆರಕ್ಕಿಂತ ಹೆಚ್ಚು ದನ ಕೂಡದು ಎಂದು ಅಲ್ಲಿ ಹೇಳಿದೆಯೇ ಹೊರತು ಪ್ರತಿ ಗಾಡಿಯಲ್ಲಿಯೂ ಆರು ತುಂಬಿರಿ ಎಂದಲ್ಲ. ಅದೇ ನಿಯಮಗಳು ದನಗಳ ಜೊತೆ ಒಬ್ಬ ಆಳು ಇರಬೇಕು, ಬೇರೆ ಸರಕು ಹೇರಬಾರದು, ಆದಷ್ಟು ಮಟ್ಟಿಗೆ ದನದ ಮುಖ ಎಂಜಿನ್ ಕಡೆಗಿರಬೇಕು, ಪ್ರಯಾಣಕ್ಕೆ ಯೋಗ್ಯವೆಂಬ ಪಶುವೈದ್ಯರ ಪ್ರಮಾಣಪತ್ರ ಇರಬೇಕು ಎಂದೂ ಹೇಳುತ್ತವೆ.

ಇದು ಬರೀ ಕಾನೂನಿನ ಮಾತಲ್ಲ. ಇಕ್ಕಟ್ಟಿನಲ್ಲಿ ನಿಂತ ಆಕಳು ಕಾಲು ಅಗಲಿಸಿ ತೂಕ ಸಂಭಾಳಿಸಲಾರದು. ಬ್ರೇಕ್ ಹಾಕಿದಾಗ ಒಂದರ ಮೇಲೊಂದು ಬೀಳುತ್ತವೆ. ತಗಡಿನ ನೆಲದಲ್ಲಿ ಸೆಗಣಿ ಬಿದ್ದ ಮೇಲೆ ಹಿಂಗಾಲು ಎರಡೂ ಕಡೆ ಜಾರಿ ತೊಡೆಸಂದು ಹರಿಯುತ್ತದೆ. ಹಾಗೆ ಬಿದ್ದ ಆಕಳನ್ನು ಎಬ್ಬಿಸಿ ನಿಲ್ಲಿಸುವುದು ಬಹಳ ಕಷ್ಟ, ನನ್ನ ಅನುಭವದಲ್ಲಿ ಹೆಚ್ಚಿನವು ಏಳಲಿಲ್ಲ. ಲಕ್ಷದ ಹತ್ತಿರ ಕೊಟ್ಟು ತಂದ ಆಕಳು ಬಾಡಿಗೆಯಲ್ಲಿ ಒಂದೆರಡು ಸಾವಿರ ಉಳಿಸಲು ಹೋಗಿ ಗಾಡಿಯಲ್ಲೇ ಹಾಳಾಗುವುದನ್ನು ನೋಡುವುದು ವೈದ್ಯನಿಗೂ ಸುಲಭವಲ್ಲ. ಬೀಳದೆ ಮನೆ ಮುಟ್ಟಿದರೂ ಹೆದರಿದ ಆಕಳು ಹಾಲು ಇಳಿಸುವುದಿಲ್ಲ. ಹೆದರಿಕೆಯಲ್ಲಿ ರಕ್ತಕ್ಕೆ ಸೇರುವ ದ್ರವ ಹಾಲು ಇಳಿಸುವ ದ್ರವಕ್ಕೆ ಅಡ್ಡಿಯಾಗುತ್ತದೆ. ಕೆಲವು ದಿನ ಹಾಲು ಕಡಿಮೆ ಬಂದಾಗ, ಮಾರಿದವರು ಮೋಸ ಮಾಡಿದರೆಂದು ಜಗಳ ಏಳುತ್ತದೆ. ಮೋಸ ಕೆಲವೊಮ್ಮೆ ಇರಬಹುದು. ಅನೇಕ ಸಲ ತಪ್ಪು ಗಾಡಿಯದು.

ಇಲ್ಲಿ ಒಂದು ಸೂಕ್ಷ್ಮವಿದೆ. ದೊಡ್ಡ ಗಾಡಿಯಾದರೆ ಆಕಳಿಗೆ ಹಿತ ಎಂದು ತಿಳಿಯುವುದೂ ತಪ್ಪು. ಒಂದೂವರೆ ಟನ್ ಹೊರಲೆಂದು ಮಾಡಿದ ಪಿಕಪ್ಪಿನ ಹಿಂದಿನ ಪಾಟಾಗಳು ಗಡಸು. ಅದರಲ್ಲಿ 450 ಕಿಲೊದ ಒಂದೇ ಆಕಳು ನಿಂತರೆ ಪ್ರತಿ ತಗ್ಗಿಗೂ ಗಾಡಿ ಪುಟಿಯುತ್ತದೆ. ಹೆಚ್ಚು ಹೇರಲಿಕ್ಕೆಂದು ಇನ್ನೊಂದು ಪಾಟಾ ಕೂಡಿಸಿದ್ದರೆ ಕೇಳುವುದೇ ಬೇಡ. ಅಂಥ ಗಾಡಿಯಲ್ಲಿ ನೆಲಕ್ಕೆ ನಾಲ್ಕಾರು ಬೆರಳು ಮರಳು ಹಾಸಿರಿ. ತೂಕವೂ ಆಗುತ್ತದೆ, ಕಾಲೂ ಜಾರುವುದಿಲ್ಲ. ಹತ್ತಿಸುವ ಮೊದಲು ಹಾಲು ಹಿಂಡಿರಿ, ಹೊಟ್ಟೆ ಬಿರಿಯುವಂತೆ ಮೇವು-ನೀರು ಕೊಡಬೇಡಿರಿ. ತುಂಬು ಗಬ್ಬದ ಆಕಳನ್ನು, ಈಗತಾನೆ ಕರು ಹಾಕಿದ್ದನ್ನು ಸಾಗಿಸಬಾರದು. ಏರಿಸಲು ಹಲಗೆ ಇಲ್ಲದಿದ್ದರೆ ಗಾಡಿಯನ್ನು ದಿಬ್ಬದ ಬುಡಕ್ಕೆ ಹಿಂದಾಗಿ ನಿಲ್ಲಿಸಿಕೊಳ್ಳಿರಿ. ನಮ್ಮ ಕಡೆ ಕಾಲುವೆ ಏರಿಯೋ, ಹೊಲದ ಒಡ್ಡೋ ಎಲ್ಲಾದರೂ ಸಿಕ್ಕೇ ಸಿಗುತ್ತದೆ. ಬೇರೆ ಕಡೆಯಿಂದ ದನ ತಂದ ಗಾಡಿಯನ್ನು ತೊಳೆಯದೆ ನಿಮ್ಮ ದನ ಹತ್ತಿಸಬೇಡಿರಿ. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ದನದ ಸಂತೆಗಳನ್ನು ನಿಲ್ಲಿಸಬೇಕಾಗಿ ಬಂದದ್ದು ನಿಮಗೆ ನೆನಪಿರಬಹುದು.

ಮೇವು ಮತ್ತು ಹಾಲಿನ ಡಬ್ಬಿ

ಹಾಲಿನ ಲೆಕ್ಕ ಸರಳ. 40 ಲೀಟರಿನ ತುಂಬಿದ ಡಬ್ಬಿ, ಡಬ್ಬಿಯ ತೂಕ ಸೇರಿ ಸುಮಾರು 50 ಕಿಲೊ. 750 ಕಿಲೊದ ಗಾಡಿಗೆ 15 ಡಬ್ಬಿ, 600 ಲೀಟರ್. ಇಷ್ಟು ಹಾಲು ಇಲ್ಲದ ಊರಿನಿಂದ ಶೀತಲೀಕರಣ ಘಟಕಕ್ಕೆ ಡಬ್ಬಿ ಒಯ್ಯಲು ದೊಡ್ಡ ಪಿಕಪ್ ಕೊಳ್ಳುವುದು ಆನೆಯ ಮೇಲೆ ಕೊಡ ಹೊರಿಸಿದಂತೆ.

ಮೇವಿನದು ಬೇರೆ. ಜೋಳದ ಕಣಿಕೆ, ಶೇಂಗಾ ಹೊಟ್ಟು ಹಗುರ, ಆದರೆ ಜಾಗ ತಿನ್ನುತ್ತವೆ. ಗಾಡಿ ತುಂಬಿ ತುಳುಕಿದರೂ ತೂಕ ಅರ್ಧ ಆಗಿರುವುದಿಲ್ಲ. ಆದ್ದರಿಂದ ಒಣ ಮೇವಿಗೆ ಟನ್ ನೋಡದೆ ಹಿಂಬದಿಯ ಉದ್ದ-ಅಗಲ ನೋಡಬೇಕು. ಹಸಿ ಮೆಕ್ಕೆಜೋಳ, ನೇಪಿಯರ್ ಹುಲ್ಲಾದರೆ ಮುಕ್ಕಾಲು ಭಾಗವೂ ನೀರೇ, ಅಲ್ಲಿ ತೂಕವೇ ಮೊದಲು ಮಿತಿ ಮುಟ್ಟುತ್ತದೆ. ಕಣಿಕೆಯನ್ನು ಊರಲ್ಲೇ ಕತ್ತರಿಸಿ ಚೀಲ ತುಂಬಿ ತಂದರೆ ಅದೇ ಗಾಡಿಯಲ್ಲಿ ಹೆಚ್ಚು ಹಿಡಿಯುತ್ತದೆ. ಒಂದು ಆಕಳು ದಿನಕ್ಕೆ 6 ಕಿಲೊ ಒಣ ಮೇವು ತಿಂದರೆ 720 ಕಿಲೊದ ಒಂದು ಹೇರು ನಾಲ್ಕು ಆಕಳಿಗೆ ಒಂದು ತಿಂಗಳು. ತಿಂಗಳಿಗೆ ಒಂದು ಹೇರು ತರಲು ಗಾಡಿ ಸ್ವಂತದ್ದೇ ಬೇಕೇ ಎಂಬುದನ್ನು ಮನೆಯವರೊಂದಿಗೆ ಕೂತು ಯೋಚಿಸಿರಿ.

ರಸ್ತೆಯನ್ನೂ ಮರೆಯಬಾರದು. ಬೆಟಗೇರಿಯ ಓಣಿಗಳಲ್ಲಿ ತಿರುಗಿಸಲು ಸಣ್ಣ ಗಾಡಿಗೆ ಸಮನಿಲ್ಲ. ಆದರೆ ಏಸಿನ ಗಾಲಿ 12 ಇಂಚಿನದು, ಬೊಲೆರೊ ಪಿಕಪ್ಪಿನದು 15 ಇಂಚಿನದು. ಮುಂಡರಗಿ, ಲಕ್ಷ್ಮೇಶ್ವರದ ಕಡೆ ಎರೆ ಹೊಲದ ದಾರಿಯಲ್ಲಿ ಮುಂಗಾರಿನ ಎರಡು ಮಳೆ ಬಿದ್ದ ಮೇಲೆ ಈ ಮೂರಿಂಚಿನ ಅಂತರ ಏನೆಂಬುದು ಗೊತ್ತಾಗುತ್ತದೆ. ಟಾಟಾ-ಮಹೀಂದ್ರಾ ವಾದ ಮಾಡುವವರಲ್ಲಿ ಒಬ್ಬರು ಊರ ಓಣಿಯ ಮಾತಾಡುತ್ತಿರುತ್ತಾರೆ, ಇನ್ನೊಬ್ಬರು ಹೊಲದ ದಾರಿಯ ಮಾತಾಡುತ್ತಿರುತ್ತಾರೆ. ಇಬ್ಬರೂ ಸರಿ.

ಕಂತಿನ ಲೆಕ್ಕ

ಮಾರಾಟದ ಪೈಪೋಟಿ ಈಗ ಗಾಡಿಗಿಂತ ಸಾಲದಲ್ಲೇ ಹೆಚ್ಚು ನಡೆಯುತ್ತಿದೆ. ಶೋರೂಮಿನ ಹುಡುಗರು ಬೆಳಿಗ್ಗೆ ಸಂಘದ ಬಾಗಿಲಿಗೇ ಕರಪತ್ರ ತರುತ್ತಾರೆ. "ಬಡ್ಡಿ ಬರೇ 7 ಪರ್ಸೆಂಟ್" ಎಂದು ಒಬ್ಬರು ಹೇಳಿದರೆ, ಬ್ಯಾಂಕಿನವರು ಹತ್ತೂವರೆ ಕೇಳಿದರೆಂದು ಸದಸ್ಯರು ಬ್ಯಾಂಕನ್ನೇ ಬೈಯುತ್ತಾರೆ. ಈ 7 ಎಂಬುದು ಹೆಚ್ಚಿನ ಸಲ ಫ್ಲಾಟ್ ಬಡ್ಡಿ. ಅಂದರೆ ನೀವು ತೀರಿಸುತ್ತ ಹೋದರೂ ಮೊದಲ ದಿನದ ಪೂರ್ತಿ ಸಾಲದ ಮೇಲೆಯೇ ಐದು ವರ್ಷವೂ ಬಡ್ಡಿ. 6 ಲಕ್ಷಕ್ಕೆ ವರ್ಷಕ್ಕೆ 42,000ದಂತೆ ಐದು ವರ್ಷಕ್ಕೆ 2.10 ಲಕ್ಷ. ಒಟ್ಟು 8.10 ಲಕ್ಷವನ್ನು 60 ತಿಂಗಳಿಗೆ ಹಂಚಿದರೆ ಕಂತು 13,500 ರೂಪಾಯಿ. ಬ್ಯಾಂಕಿನ ಇಳಿಕೆ ಬಾಕಿಯ ಲೆಕ್ಕದಲ್ಲಿ ಇದು ಹನ್ನೆರಡೂವರೆ ಪರ್ಸೆಂಟಿಗೆ ಸಮ. ಹತ್ತೂವರೆಯ ಸಾಲಕ್ಕೆ ಕಂತು ಸುಮಾರು 12,900 ರೂಪಾಯಿ. ಬಡ್ಡಿ ಕೇಳುವ ಬದಲು "ತಿಂಗಳ ಕಂತು ಎಷ್ಟು, ಎಷ್ಟು ತಿಂಗಳು" ಎಂದು ಕೇಳಿ ಗುಣಿಸಿರಿ. ಗುಣಾಕಾರ ಸುಳ್ಳು ಹೇಳುವುದಿಲ್ಲ.

ಈ 12,900 ರೂಪಾಯಿಯನ್ನು ಹಾಲಿಗೆ ತಿರುಗಿಸಿ ನೋಡೋಣ. ಹಿಂಡಿ, ಮೇವು, ಔಷಧಿ ಕಳೆದು ಲೀಟರಿಗೆ 10 ರೂಪಾಯಿ ಉಳಿಯಿತೆಂದು ಹಿಡಿಯೋಣ, ಉಳಿದರೆ ಸಂತೋಷ. ತಿಂಗಳಿಗೆ 1290 ಲೀಟರ್, ದಿನಕ್ಕೆ 43 ಲೀಟರ್ ಹಾಲು ಕಂತಿಗೇ ಹೋಗುತ್ತದೆ. ಡೀಸೆಲ್, ವಿಮೆ, ಟೈರು ಬೇರೆ. ದಿನಕ್ಕೆ 43 ಲೀಟರ್ ಹಾಕುವವರು ನಮ್ಮ ಸಂಘಗಳಲ್ಲಿ ಎಷ್ಟು ಜನ ಇದ್ದಾರೆಂಬುದು ಹಾಲಿನ ಪುಸ್ತಕದಲ್ಲಿದೆ. ಹಾಗಾಗಿ ಗಾಡಿ ತನ್ನ ಕಂತನ್ನು ಬೇರೆ ಬಾಡಿಗೆಯಿಂದಲೇ ದುಡಿಯಬೇಕು. ಉಳ್ಳಾಗಡ್ಡಿ, ಮೆಣಸಿನಕಾಯಿ ಸುಗ್ಗಿಯಲ್ಲಿ ಗದಗ, ಹುಬ್ಬಳ್ಳಿಯ ಮಾರುಕಟ್ಟೆಗೆ ಬಾಡಿಗೆ ಸಿಗುತ್ತದೆ ನಿಜ. ಸುಗ್ಗಿ ಮುಗಿದ ತಿಂಗಳುಗಳಲ್ಲಿಯೂ ಕಂತಿನ ದಿನಾಂಕ ಬರುತ್ತದೆ.

ರಿಯಾಯಿತಿಯ ಬಗ್ಗೆ ಒಂದೆರಡು ಮಾತು. 2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿಗಳ ಮೇಲಿನ ಜಿಎಸ್‌ಟಿ ನೂರಕ್ಕೆ 28ರಿಂದ 18ಕ್ಕೆ ಇಳಿಯಿತು. ತೆರಿಗೆಗೆ ಮೊದಲು 6 ಲಕ್ಷ ಇದ್ದ ಗಾಡಿ 7.68 ಲಕ್ಷದಿಂದ 7.08 ಲಕ್ಷಕ್ಕೆ ಬರಬೇಕು. ಹಳೆಯ ಬೆಲೆಯನ್ನು ತೋರಿಸಿ "ನಿಮಗಾಗಿ 60,000 ಬಿಟ್ಟೆವು" ಎಂದರೆ ಬಿಟ್ಟದ್ದು ಸರ್ಕಾರ, ಅಂಗಡಿಯಲ್ಲ. ಹಾಗೆಯೇ ಮಾರ್ಚ್ ತಿಂಗಳ ಕೊನೆಯಲ್ಲಿ ಮಾರಾಟದ ಗುರಿ ಮುಟ್ಟಿಸಲು ಬೆಲೆ ಇಳಿಸುತ್ತಾರೆ. 2017ರ ಮಾರ್ಚಿನಲ್ಲಿ ಬಿಎಸ್-3 ಗಾಡಿಗಳ ಮಾರಾಟವನ್ನು ಏಪ್ರಿಲ್ 1ರಿಂದ ನಿಲ್ಲಿಸಲು ಸುಪ್ರೀಂ ಕೋರ್ಟ್ ಹೇಳಿದಾಗ ಎರಡು-ಮೂರು ದಿನ ದೇಶದಾದ್ಯಂತ ಸುಗ್ಗಿಯೇ ಆಯಿತು. ಅಗ್ಗಕ್ಕೆ ತಂದದ್ದು ಮಾರುವಾಗಲೂ ಅಗ್ಗವೇ ಎಂಬುದನ್ನು ಲೆಕ್ಕಕ್ಕೆ ಹಿಡಿದರೆ ಅದೂ ಒಂದು ವ್ಯಾಪಾರವೇ. ಹಿಂದಿನ ವರ್ಷ ತಯಾರಾದ ಗಾಡಿಯೋ ಎಂಬುದನ್ನು ಮಾತ್ರ ಕೇಳಿಕೊಳ್ಳಿರಿ. ಇಬ್ಬರು ಮಾರಾಟಗಾರರ ದರಪತ್ರವನ್ನು ಬರಹದಲ್ಲಿ ತೆಗೆದುಕೊಂಡು ಒಬ್ಬರದನ್ನು ಇನ್ನೊಬ್ಬರಿಗೆ ತೋರಿಸುವುದರಲ್ಲಿ ಸಂಕೋಚ ಬೇಡ. ಪೈಪೋಟಿ ಇರುವುದೇ ಅದಕ್ಕೆ.

ಕಾಗದ ಪತ್ರಗಳು

ಒಟ್ಟು ತೂಕ 3000 ಕಿಲೊ ಮೀರದ ಸರಕು ಗಾಡಿಗೆ ಮೋಟಾರು ವಾಹನ ಕಾಯ್ದೆಯಂತೆ ಪರ್ಮಿಟ್ ಬೇಡ, ಅದನ್ನು ಮೀರಿದ ದೊಡ್ಡ ಪಿಕಪ್ಪುಗಳಿಗೆ ಬೇಕು. ಚಾಲಕನಿಗೆ ಲಘು ವಾಹನದ ಲೈಸೆನ್ಸ್ ಇದ್ದರೆ 7500 ಕಿಲೊದೊಳಗಿನ ಸರಕು ಗಾಡಿ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಖಚಿತಪಡಿಸಿದೆ. ಹೊಸ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಯೋಗ್ಯತಾ ಪತ್ರ ಬೇಕು. ಹಳೆಯ ಗಾಡಿ ಕೊಳ್ಳುವವರು ಇದನ್ನು ಮೊದಲು ನೋಡಬೇಕು.

ವಿಮೆಯ ವಿಷಯದಲ್ಲಿ ಒಂದನ್ನು ಒತ್ತಿ ಹೇಳುತ್ತೇನೆ. ಸರಕು ಗಾಡಿಯಲ್ಲಿ ಸರಕಿನ ಮಾಲೀಕ ಅಥವಾ ಅವನ ಕಡೆಯವನು ಸರಕಿನ ಜೊತೆ ಕೂತರೆ ಅವನಿಗೆ ವಿಮೆಯ ರಕ್ಷಣೆ ಉಂಟು. ಮದುವೆಗೋ, ಜಾತ್ರೆಗೋ, ಮೆಣಸಿನಕಾಯಿ ಬಿಡಿಸಲಿಕ್ಕೋ ಹಿಂದೆ ನಿಲ್ಲಿಸಿಕೊಂಡು ಹೋಗುವ ಜನರಿಗೆ ಇಲ್ಲ. ಅಪಘಾತವಾದರೆ ಪರಿಹಾರದ ಹೊಣೆ ಗಾಡಿಯ ಮಾಲೀಕನ ಹೊಲ-ಮನೆಯ ಮೇಲೆ ಬರುತ್ತದೆ. ಮಾರುವವರು ಇದನ್ನು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ.

ಹೀಗಾಗಿ ಟಾಟಾನೋ ಮಹೀಂದ್ರಾನೋ ಎಂದು ಕೇಳಿದವರಿಗೆ ನಾನು ಮರುಪ್ರಶ್ನೆ ಹಾಕುತ್ತೇನೆ: ತಿಂಗಳಿಗೆ ಎಷ್ಟು ಹೇರು, ಯಾವ ದಾರಿ, ಹತ್ತಿರದ ಮೇಸ್ತ್ರಿಗೆ ಯಾವ ಗಾಡಿಯ ಕೆಲಸ ಬರುತ್ತದೆ, ಬಿಡಿಭಾಗ ಗದಗಿನಲ್ಲೇ ಸಿಗುತ್ತದೆಯೋ ಹುಬ್ಬಳ್ಳಿಗೆ ಓಡಬೇಕೋ? ಇದಕ್ಕೆ ಉತ್ತರ ಸಿಕ್ಕ ಮೇಲೆ ಕಂಪನಿಯ ಹೆಸರು ತಾನಾಗಿಯೇ ಬರುತ್ತದೆ, ಕೆಲವರಿಗೆ ಬಾಡಿಗೆ ಗಾಡಿಯವನ ಹೆಸರು ಬರುತ್ತದೆ. ಮುಂಡರಗಿ ಕಡೆಯ ಒಂದು ಊರಿನಲ್ಲಿ ಮೂವರು ಸದಸ್ಯರು ಕೂಡಿ ಒಂದೇ ಹಳೆಯ ಪಿಕಪ್ ಕೊಂಡು, ದಿನ ಹಂಚಿಕೊಂಡು ಓಡಿಸುತ್ತಿದ್ದಾರೆ. ಜಗಳ ಆಗುವುದಿಲ್ಲವೇ ಎಂದು ಕೇಳಿದೆ. ಟೈರು ಬದಲಿಸುವಾಗ ಮಾತ್ರ ಆಗುತ್ತದೆ ಎಂದರು.

ದನ ಸಾಗಿಸಲು ಪ್ರಮಾಣಪತ್ರ ಬೇಕಾದವರು ಹಿಂದಿನ ದಿನವೇ ಪಶು ಆಸ್ಪತ್ರೆಗೆ ತಿಳಿಸಿದರೆ ದನವನ್ನು ಸರಿಯಾಗಿ ನೋಡಿ ಬರೆದುಕೊಡಲು ಅನುಕೂಲ. ಗಾಡಿಗೆ ಹತ್ತಿಸಿ, ಹೆದ್ದಾರಿಯಲ್ಲಿ ಪೊಲೀಸರು ನಿಲ್ಲಿಸಿದ ಮೇಲೆ ಫೋನ್ ಮಾಡಿದರೆ, ನೋಡದ ಆಕಳಿಗೆ ಪತ್ರ ಬರೆದುಕೊಡಲು ನಮಗೆ ಬರುವುದಿಲ್ಲ.